ಹನ್ನೆರಡನೆಯ ಮಾವ

ಅತ್ತಿಗೆ ನಮ್ಮ ಮನೆಗೆ ಸೊಸೆಯಾಗಿ ಬಂದ ಮೂರನೆಯ ವರ್ಷದಲ್ಲಿ ಅವಳ ಸೈಕಲ್ಲು ಬಂದಿತು. ಅವಳ ತಂದೆ ರಾಯಕೋಟೆಯ ಕಡೆಯ ಹಳ್ಳಿಗಳಿಗೆ ಟಪಾಲು ಹಂಚುತ್ತಿದ್ದವರು. ಅವರು ತೀರಿಕೊಂಡಾಗ, ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಮಗಳಿಗೆಂದು ಉಳಿದದ್ದು ಅದೊಂದೇ. ತಿಥಿ ಮುಗಿದ ಮರುದಿನ ಅದು ಬಸ್ಸಿನ ಮೇಲೆ ಕುಂಬಳಕಾಯಿಯ ಮೂಟೆಗಳ ನಡುವೆ ಮಲಗಿಕೊಂಡು ಬಂದು ಕೂಡುರಸ್ತೆಯಲ್ಲಿ ಇಳಿಯಿತು. ಅಲ್ಲಿಂದ ನಮ್ಮೂರಿಗೆ ಮೂರು ಮೈಲಿ. ಅಣ್ಣ ಸೈಕಲ್ಲು ತಳ್ಳಿಕೊಂಡು ಮುಂದೆ, ಅತ್ತಿಗೆ ಗಂಟು ಹೊತ್ತು ಹಿಂದೆ, ಹೀಗೆ ಇಬ್ಬರೂ ನಡೆದು ಬಂದರು. ಯಾರೂ ಏನೂ ಅನ್ನಲಿಲ್ಲ. ತಳ್ಳುವ ಸೈಕಲ್ಲಿನ ಬಗ್ಗೆ ಯಾರಿಗೂ ಆಕ್ಷೇಪಣೆ ಇರುವುದಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರು ತಮಿಳುನಾಡಿನ ಗಡಿಯೊಳಗೆ, ಡೆಂಕಣಿಕೋಟೆಗೂ ಕಾಡಿಗೂ ನಡುವೆ ಇದೆ. ಸುಗ್ಗಿ ಸಮೀಪಿಸಿದಂತೆ ಆನೆಗಳು ರಾಗಿಗೆ ಇಳಿಯುತ್ತವೆ. ಗಂಡಸರು ಹೊಲದಲ್ಲಿ ಅಟ್ಟಣೆ ಕಟ್ಟಿ ಕಾವಲು ಕೂರುತ್ತಾರೆ. ಆ ವರ್ಷ ಒಂದು ಒಂಟಿ ಸಲಗ ಅಣ್ಣನ ಅಟ್ಟಣೆಯ ಕಂಬಕ್ಕೆ ಮೈ ಉಜ್ಜಿತು. ಅಣ್ಣ ಬಿದ್ದ. ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು, ನಾಟಿ ವೈದ್ಯ ಕಟ್ಟಿದ ಕಟ್ಟಿನಲ್ಲಿ ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಅವನಿಗೆ ಗುದ್ದಲಿಯ ಹಿಡಿಯೂ ನಿಲ್ಲುತ್ತಿರಲಿಲ್ಲ, ಸೈಕಲ್ಲಿನ ಹ್ಯಾಂಡಲ್ಲೂ ನಿಲ್ಲುತ್ತಿರಲಿಲ್ಲ. ತಂದೆ ನಮಗೆ ಮೊದಲೇ ಇರಲಿಲ್ಲ. ಮನೆಯಲ್ಲಿ ದುಡಿಯುವ ಕೈಗಳೆಂದರೆ ಅತ್ತಿಗೆಯ ಎರಡು ಕೈಗಳು, ಮುದುಕಿ ತಾಯಿಯ ಎರಡು ಕೈಗಳು, ಮತ್ತು ಶಾಯಿ ಮೆತ್ತಿದ ನನ್ನ ಎರಡು ಕೈಗಳು.

ಅತ್ತಿಗೆ ಹೊಸೂರಿನ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸ ಹುಡುಕಿಕೊಂಡಳು. ಆರು ತಿಂಗಳು ಕಲಿಯುವ ಅವಧಿ. ಅದು ಮುಗಿದ ಮೇಲೆ ಕಾಯಂ. ಆ ಆರು ತಿಂಗಳಲ್ಲಿ ಮೂರು ದಿನ ತಪ್ಪಿದರೆ ಹೆಸರು ತೆಗೆಯುತ್ತಾರೆ. ಕಾರ್ಖಾನೆಯ ವ್ಯಾನು ಬೆಳಗ್ಗೆ ಆರೂಮುಕ್ಕಾಲಿಗೆ ಕೂಡುರಸ್ತೆಗೆ ಬಂದು, ನಿಂತಂತೆ ಮಾಡಿ, ಹೊರಟುಬಿಡುತ್ತಿತ್ತು. ಬೆಳಕು ಹರಿಯುವುದು ಆರರ ಮೇಲೆ. ಅದಕ್ಕೆ ಮೊದಲು ಆ ದಾರಿಯಲ್ಲಿ ಹೊರಡುವಂತಿರಲಿಲ್ಲ; ರಾತ್ರಿ ಹೊಲಕ್ಕೆ ಬಂದ ಆನೆಗಳು ಕಾಡಿಗೆ ಮರಳುವುದು ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ. ಬೆಳಕು ಹರಿದ ಮೇಲೆ ನಡೆದರೆ ವ್ಯಾನು ಸಿಕ್ಕುವುದಿಲ್ಲ. ಲೆಕ್ಕ ಸರಳವಾಗಿತ್ತು. ಸೈಕಲ್ಲು ಇದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಗಂಡಸರ ಸೈಕಲ್ಲಿಗೆ ಇರುವ ಮೇಲಿನ ಅಡ್ಡದಂಡವನ್ನು ಅವಳು ಹೊಸೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೊಯ್ಯಿಸಿ, ಸೀರೆ ಉಟ್ಟು ಹತ್ತಲು ಅನುವಾಗುವಂತೆ ಕೆಳಕ್ಕೆ ಓರೆಯಾಗಿ ಬೆಸೆಯಿಸಿದಳು. ಬೆಸುಗೆಯ ಜಾಗದಲ್ಲಿ ಬಣ್ಣ ಸುಟ್ಟು, ಹಳೆಯ ಗಾಯದ ಕಲೆಯಂತೆ ಎರಡು ಕಪ್ಪು ಗಂಟುಗಳು ಉಳಿದವು. ನಮ್ಮ ಚಿಕ್ಕಪ್ಪ ಅದನ್ನು ಸುತ್ತಿ ಸುತ್ತಿ ನೋಡಿ, "ಸೈಕಲ್ಲಿನ ಮೀಸೆ ಬೋಳಿಸ್ಬುಟ್ಟವ್ಳೆ ಕಣ್ರಲಾ" ಎಂದರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಂದಿನಿಂದ ಅದಕ್ಕೆ ಊರಿನಲ್ಲಿ ಬೋಳಮೀಸೆ ಎಂದೇ ಹೆಸರಾಯಿತು.

ನನಗಾಗ ಹದಿನಾರು ವರ್ಷ. ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲನೆಯವಳಾಗಿ ತೇರ್ಗಡೆಯಾಗಿ ಮನೆಯಲ್ಲಿ ಕುಳಿತಿದ್ದೆ. ಮುಂದಿನ ಶಾಲೆಗೆ ಕೂಡುರಸ್ತೆಯಿಂದ ಬಸ್ಸು ಹಿಡಿಯಬೇಕು. ಒಂಟಿ ಹೆಣ್ಣುಮಗಳು ಕಾಡಂಚಿನಲ್ಲಿ ಮೂರು ಮೈಲಿ ನಡೆಯುವುದು ಬೇಡವೆಂದು ತಾಯಿ ತೀರ್ಮಾನಿಸಿದ್ದಳು. ಸಂಜೆಯ ಹೊತ್ತು ಜಗಲಿಯಲ್ಲಿ ಕೇರಿಯ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ, ಕಾಗುಣಿತ ಹೇಳಿಸುತ್ತಿದ್ದೆ. ಸಾಲು ತಪ್ಪಿ ಕುಳಿತರೆ ಎಬ್ಬಿಸಿ ಮತ್ತೆ ಕೂರಿಸುತ್ತಿದ್ದೆ. ದೊಡ್ಡವರು ಮಾತಾಡುವಾಗಲೂ ನಡುವೆ ಬಾಯಿ ಹಾಕಿ ತಿದ್ದುತ್ತಿದ್ದೆ. ಊರಿನವರು ನನ್ನನ್ನು ಮೇಷ್ಟ್ರಮ್ಮ ಎಂದು ಕರೆಯುತ್ತಿದ್ದರು. ಅದು ಹಂಗಿಸುವ ಹೆಸರೆಂದು ನನಗೆ ಬಹಳ ಕಾಲ ತಿಳಿಯಲಿಲ್ಲ.

ಅತ್ತಿಗೆಗೂ ನನಗೂ ಒಂದು ಒಪ್ಪಂದವಿತ್ತು. ಅವಳು ಓದಿದ್ದು ತಮಿಳಿನಲ್ಲಿ. ಮನೆಮಾತು ಕನ್ನಡವಾದರೂ ಅದರ ಅಕ್ಷರ ಬರುತ್ತಿರಲಿಲ್ಲ. ಭಾನುವಾರಗಳಲ್ಲಿ ಖಾಲಿ ಕಣದಲ್ಲಿ ಅವಳು ನನಗೆ ಸೈಕಲ್ಲು ಕಲಿಸಬೇಕು, ರಾತ್ರಿ ಊಟಕ್ಕೆ ಮೊದಲು ನಾನು ಅವಳಿಗೆ ಕನ್ನಡ ಅಕ್ಷರ ಕಲಿಸಬೇಕು. ಅವಳು ಚಿಕ್ಕಂದಿನಲ್ಲಿ ತಂದೆಯ ಸೈಕಲ್ಲಿನಲ್ಲೇ, ದಂಡದ ಕೆಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು ಕಲಿತವಳು. ಕಲಿಸುವಾಗ ಗದರುತ್ತಿರಲಿಲ್ಲ. ಹಿಂದಿನಿಂದ ಸೀಟು ಹಿಡಿದು ಓಡಿ ಬರುತ್ತಾ, "ಚಕ್ರ ನೋಡ್ಬ್ಯಾಡ ಮೇಷ್ಟ್ರಮ್ಮ, ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು" ಎನ್ನುತ್ತಿದ್ದಳು. ನಾನು ಕಲಿಸುವಾಗ ಗದರುತ್ತಿದ್ದೆ. ಒತ್ತಕ್ಷರ ಬಿಟ್ಟರೆ ಇಡೀ ಸಾಲನ್ನು ಮತ್ತೆ ಬರೆಯಿಸುತ್ತಿದ್ದೆ. ದಿನವೆಲ್ಲ ತಂತಿ ಸುತ್ತಿ ಬೆರಳ ತುದಿ ಕೊಯ್ದುಕೊಂಡು ಬಂದವಳು ಬಳಪ ಹಿಡಿದು ಮತ್ತೆ ಬರೆಯುತ್ತಿದ್ದಳು.

ಮೊದಲ ನಾಲ್ಕು ತಿಂಗಳು ಊರು ಅವಳನ್ನು ಬಾಯಿಮಾತಿನಲ್ಲಿ ಹಂಗಿಸಿಕೊಂಡೇ ಸಹಿಸಿತು. ಅನಂತರ ಬೇರೆಯದೊಂದು ನಡೆಯಿತು. ಚಿಕ್ಕಪ್ಪನ ಇಬ್ಬರು ಸೊಸೆಯರಲ್ಲಿ ಹಿರಿಯವಳು, ತಾನೂ ಆ ಕೆಲಸಕ್ಕೆ ಹೋಗಬಹುದೇ ಎಂದು ಗಂಡನನ್ನು ಕೇಳಿದಳು. ಕಿರಿಯವಳು ಬಾವಿಯ ಹತ್ತಿರ ನಿಲ್ಲಿಸಿದ್ದ ಬೋಳಮೀಸೆಯ ಹ್ಯಾಂಡಲ್ಲು ಹಿಡಿದು, ಎರಡು ಸಲ ಬೆಲ್ಲು ಬಾರಿಸಿ ನಕ್ಕಳಂತೆ. ಆ ಬೆಲ್ಲಿನ ಸದ್ದು ಚಿಕ್ಕಪ್ಪನಿಗೆ ಕೇಳಿಸಿತು.

ಚಿಕ್ಕಪ್ಪ ಎಂದರೆ ನಮ್ಮ ತಂದೆಯ ತಮ್ಮ. ಊರಿನ ಒಳ್ಳೆಯ ಗಂಡಸರ ಹೆಸರು ಹೇಳಿ ಎಂದರೆ ಮೊದಲು ಬರುತ್ತಿದ್ದುದು ಅವರ ಹೆಸರೇ. ಹೆಂಡತಿ ಮಕ್ಕಳಿಲ್ಲದ, ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋಗಿದ್ದ ತಮ್ಮ ಅಣ್ಣನನ್ನು, ಅಂದರೆ ನಮ್ಮ ದೊಡ್ಡಪ್ಪನನ್ನು, ಆರು ವರ್ಷಗಳಿಂದ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದರು. ನಮ್ಮ ಎರಡೂ ಮನೆಗಳಿಗೆ ಸೇರಿದ ಬಾವಿಯ ಪಂಪ್‌ಸೆಟ್ಟು ಅವರ ವಶದಲ್ಲಿತ್ತು. ನಮ್ಮ ಟೊಮೆಟೊ ಮಡಿಗೆ ವಾರಕ್ಕೆ ಎರಡು ಸಲ ನೀರು ಬಿಡುತ್ತಿದ್ದವರು ಅವರೇ.

ಒಂದು ಮಧ್ಯಾಹ್ನ ಅವರು ಅರಳಿಕಟ್ಟೆಯಲ್ಲಿ ನಮ್ಮ ವಂಶದ ಹಿರಿಯರನ್ನು ಕೂರಿಸಿದರು. ಅಣ್ಣ ಕೆಳಗೆ ನಿಂತಿದ್ದ. ಅತ್ತಿಗೆಯನ್ನು ಕರೆದಿರಲಿಲ್ಲ, ಅವಳು ಕೆಲಸದಲ್ಲಿದ್ದಳು. ನನ್ನನ್ನು ಕರೆದಿದ್ದರು, ಕಾಗದ, ಲೇಖನಿ, ಅಡಿಪಟ್ಟಿಯೊಂದಿಗೆ. ಗಂಡಸರ ಕಟ್ಟೆಗೆ ಹೆಣ್ಣುಮಗಳೊಬ್ಬಳು ಬರಹಗಾರ್ತಿಯಾಗಿ ಹತ್ತಿದ್ದು ಅದೇ ಮೊದಲು. ನಾನು ಅಂದು ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿದುಕೊಂಡು ಹೋಗಿದ್ದೆ.

"ಸೈಕಲ್ ತುಳೀಬ್ಯಾಡ ಅನ್ನಕ್ಕೆ ನಾವ್ಯಾರು?" ಎಂದು ಚಿಕ್ಕಪ್ಪ ಶುರುಮಾಡಿದರು. "ಸರ್ಕಾರನೇ ಹೆಣ್ಮಕ್ಳು ಮುಂದಕ್ಕೆ ಬರ್ಲಿ ಅಂತೈತೆ. ಬರ್ಲಿ. ಮಾವ ಎದುರಾದ್ರೆ ಸೊಸೆ ಗಾಡಿ ಇಳಿಯೋದು ನಮ್ಮಲ್ಲಿ ಇವತ್ತಿಂದಲ್ಲ. ಎತ್ತಿನ ಗಾಡಿಗೆ ಇದ್ದ ಮರ್ಯಾದೆ ಸೈಕಲ್ಗೂ ಇರ್ಲಿ. ಅಷ್ಟೇ ನಾ ಕೇಳೋದು."

ಇದು ಸುಳ್ಳಲ್ಲ. ನಮ್ಮಲ್ಲಿ ಆ ವಾಡಿಕೆ ಇತ್ತು. ಗಾಡಿಯಲ್ಲಿ ಕುಳಿತ ಸೊಸೆ ಮಾವನ ಸಾಲಿನವರನ್ನು ಕಂಡರೆ ಇಳಿದು, ಚಪ್ಪಲಿ ಬಿಟ್ಟು, ಸೆರಗು ಹೊದ್ದು ಬದಿಗೆ ನಿಲ್ಲಬೇಕು. ಅವರು "ಹೋಗಮ್ಮ" ಎಂದ ಮೇಲೆ ಹೊರಡಬೇಕು. ತಪ್ಪಿದರೆ ಏನು ಎಂದು ಯಾರೋ ಕೇಳಿದರು. ತಪ್ಪಿದ ಮನೆಗೆ ಬಾವಿಯ ನೀರು ಇಲ್ಲ ಎಂದರು ಚಿಕ್ಕಪ್ಪ, ಅಣ್ಣನ ಕಡೆಗೆ ನೋಡದೆ. ಅಣ್ಣ ತನ್ನ ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ನಿಂತಿದ್ದ.

ಚಿಕ್ಕಪ್ಪ ಆಡಿದ್ದನ್ನು ನಾನು ಬರೆದೆ. ಆಡಿದಂತೆ ಬರೆಯಲಿಲ್ಲ. "ಸೊಸೆಯಾದವಳು ವಾಹನದಿಂದ ಇಳಿದು, ಪಾದರಕ್ಷೆಯನ್ನು ಕಳಚಿ, ಮಾರ್ಗದ ಬದಿಯಲ್ಲಿ ನಿಲ್ಲತಕ್ಕದ್ದು, ಹಿರಿಯರು ಬಾಯಿಮಾತಿನಲ್ಲಿ ಅಪ್ಪಣೆ ಕೊಟ್ಟ ಮೇಲೆ ಹೊರಡತಕ್ಕದ್ದು." ಹೀಗೆ. ಬರೆದದ್ದನ್ನು ಕಟ್ಟೆಯ ಮೇಲಿದ್ದವರಿಗೆ ಓದಿ ಹೇಳಿದೆ. ಬೆವರು, ಬೀಡಿ, ಗೊಣಗಾಟಗಳ ನಡುವೆ ಹುಟ್ಟಿದ ಮಾತಿಗೆ ನಾನು ಕಾಯಿದೆಯ ಅಂಗಿ ತೊಡಿಸಿದ್ದೆ. ಅದು ಅವರಿಗೂ ಹೊಸದಾಗಿ, ದೊಡ್ಡದಾಗಿ ಕೇಳಿಸಿತು. ನನ್ನ ಎದೆ ಉಬ್ಬಿತು.

ಅದರ ಕೆಳಗೆ ಮಾವಂದಿರ ಪಟ್ಟಿ. ಗೆರೆ ಹಾಕಿ, ಸಂಖ್ಯೆ ಕೊಟ್ಟು, ಹೆಸರು ಮತ್ತು ಸಂಬಂಧ ಎಂಬ ಎರಡು ಅಂಕಣಗಳಲ್ಲಿ ಬರೆದೆ. ಹನ್ನೊಂದು ಜನವಾದರು. ಸಾಕು ಎಂದರು ಚಿಕ್ಕಪ್ಪ. ನಾನು ಲೇಖನಿಯ ಮುಚ್ಚಳ ಹಾಕಿ, ಇನ್ನೊಮ್ಮೆ ಬೆರಳಿಟ್ಟು ಎಣಿಸಿದೆ. ಪಟ್ಟಿ ಅಪೂರ್ಣವಾಗಿತ್ತು. ಅಪೂರ್ಣವಾದುದನ್ನು ನಾನು ಕೊಡಲಾರೆ.

"ದೊಡ್ಡಪ್ಪನನ್ನು ಬಿಟ್ಟಿದ್ದೀರಿ" ಎಂದೆ.

"ಅವನ್ನ ಬುಡು ಮಗ. ಎದ್ದು ಬೀದಿ ಕಂಡು ಆರ್ ವರ್ಸ ಆಯ್ತು."

"ಹಾಸಿಗೆ ಹಿಡಿದರೆ ಸಂಬಂಧ ಹೋಗುತ್ತದೆಯೆ, ಚಿಕ್ಕಪ್ಪ? ಎಲ್ಲರಿಗಿಂತ ಹಿರಿಯರು ಅವರೇ."

ಯಾರೋ ನಕ್ಕರು. ಚಿಕ್ಕಪ್ಪ ನಗಲಿಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಆತು, ಬರ್ಕೊ" ಎಂದು, ಗತ್ತಿಗೆಂದು ಜೇಬಿಗೆ ಸಿಕ್ಕಿಸಿಕೊಂಡಿದ್ದ ಬಾಲ್‌ಪೆನ್ನು ಕೊಟ್ಟರು. ಹನ್ನೊಂದು ಹೆಸರು ಕಪ್ಪು ಶಾಯಿಯಲ್ಲಿ, ಹನ್ನೆರಡನೆಯದು ನೀಲಿಯಲ್ಲಿ. ಕಾಗದವನ್ನು ಅವರು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ಅಂದು ಸಂಜೆ ಅಣ್ಣ ಅತ್ತಿಗೆಗೆ ವಿಷಯ ತಿಳಿಸಿದ. ಬರೆದವಳು ನಾನೆಂಬುದನ್ನೂ ತಿಳಿಸಿರಬೇಕು. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೇಳಿ, ಇಳಿಯುವುದು ತಾನೆ, ಇಳಿದರಾಯಿತು ಎಂದಳು. ಇನ್ನು ಏಳು ವಾರಗಳಲ್ಲಿ ಅವಳ ಆರು ತಿಂಗಳು ಮುಗಿಯುತ್ತಿತ್ತು. ಅಂದಿನವರೆಗೆ ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ.

ಮರುದಿನದಿಂದ ಮಾವಂದಿರು ದಾರಿಯುದ್ದಕ್ಕೂ ಕುಳಿತರು. ಒಬ್ಬರು ತಮ್ಮ ಜಗಲಿಯಲ್ಲಿ, ಒಬ್ಬರು ಹಾಲಿನ ಡೈರಿಯ ಮೆಟ್ಟಿಲಲ್ಲಿ, ಒಬ್ಬರು ಹುಣಸೆಮರದಡಿ, ಉಳಿದವರು ತಂತಮ್ಮ ಹೊಲದ ಬದುವಿನಲ್ಲಿ. ಅತ್ತಿಗೆ ಹತ್ತುವಳು, ಇಳಿಯುವಳು, ಹತ್ತುವಳು, ಇಳಿಯುವಳು. ಚಪ್ಪಲಿ ಬಿಡುವ ಕಷ್ಟ ತಪ್ಪಿಸಲು ಬರಿಗಾಲಲ್ಲೇ ತುಳಿಯತೊಡಗಿದಳು. ಪೆಡಲಿನ ಹಲ್ಲು ಪಾದಕ್ಕೆ ಒತ್ತಿ ರಕ್ತ ಬರುತ್ತಿತ್ತು. ಅವರು "ಏನ್ ಆಪೀಸರಮ್ಮ, ಟೇಮಾಯ್ತಾ?" ಎಂದು ಕೇಳಿ, ಬೀಡಿ ಹೊತ್ತಿಸಿ, ಎರಡು ದಮ್ಮು ಎಳೆದು, ಆಮೇಲೆ "ಹೋಗಮ್ಮ" ಎನ್ನುತ್ತಿದ್ದರು. ಆದರೆ ಅವರಿಗೂ ಹೊಲ ಇತ್ತು, ಹಸು ಇತ್ತು. ಚಳಿಯೂ ಇತ್ತು. ಎರಡು ವಾರ ಕಳೆಯುವುದರೊಳಗೆ ಹನ್ನೊಂದು ಜನ ನಾಲ್ವರಾದರು, ನಾಲ್ವರು ಇಬ್ಬರಾದರು. ಕೊನೆಗೆ ಚಿಕ್ಕಪ್ಪ ಒಬ್ಬರೇ ಉಳಿದರು. ಅವರೂ ತೀರ ತಡಮಾಡುವಂತಿರಲಿಲ್ಲ. ಅಪ್ಪಣೆ ಕೊಡದೆಯೂ ಇರಬಹುದೆಂದು ಬರೆದಿರಲಿಲ್ಲವಲ್ಲ. ಅತ್ತಿಗೆ ಬಿದ್ದಂಬೀಳ ತುಳಿದು, ಹೊರಟ ವ್ಯಾನಿನ ಹಿಂದೆ ಬೆಲ್ಲು ಬಾರಿಸಿ ನಿಲ್ಲಿಸಿ, ಹೇಗೋ ಹತ್ತುತ್ತಿದ್ದಳು. ಚಿಕ್ಕಪ್ಪನ ಹಿರಿಯ ಸೊಸೆ ಗಂಡನನ್ನು ಎರಡನೆಯ ಸಲ ಕೇಳಿದಳು.

ಆಗ ಚಿಕ್ಕಪ್ಪನಿಗೆ ಹನ್ನೆರಡನೆಯ ಹೆಸರು ನೆನಪಾಯಿತು.

ಧನುರ್ಮಾಸದ ಒಂದು ಬೆಳಗ್ಗೆ ಅವರ ಮನೆಯ ಗಂಡುಮಕ್ಕಳಿಬ್ಬರು ದೊಡ್ಡಪ್ಪನನ್ನು ಹಗ್ಗದ ಮಂಚದ ಸಮೇತ ಹೊತ್ತು ತಂದು ಬೀದಿಯ ಕೊನೆಯಲ್ಲಿ, ಹಾಲಿನ ಡೈರಿಯ ಎದುರಿಗೆ ಇಟ್ಟರು. ಮೇಲೊಂದು ಕಂಬಳಿ, ತಲೆಗೊಂದು ಟವೆಲ್ಲು. ಅವರ ಒಂದು ಪಕ್ಕ ಸತ್ತಿತ್ತು, ನಾಲಗೆ ಸತ್ತಿತ್ತು. ಕಣ್ಣು, ಕಿವಿ, ಬುದ್ಧಿ ಮತ್ತು ಎಡಗೈ ಬದುಕಿದ್ದವು. ಅತ್ತಿಗೆ ಇಳಿದು ನಿಂತಳು. ಮಂಚ ಏಕೆ ಬಂದಿದೆ ಎಂದು ಚಿಕ್ಕಪ್ಪನನ್ನು ಕೇಳಿದಳು.

"ಬಿಸಿಲು ಕಾಯ್ಲಿ ಅಂತ ತಂದೀವಿ."

"ಬಿಸ್ಲೆಲ್ಲೈತೆ ಚಿಕ್ಮಾವ, ಇನ್ನೂ ಮಂಜು ಬೀಳ್ತಾ ಐತೆ."

"ಬತ್ತೈತೆ. ನಿಂತ್ಕೊ."

ಅವಳು ದೊಡ್ಡಪ್ಪನಿಗೆ ಕೈಮುಗಿದು, ಹೋಗಿ ಬರುವೆನೆಂದಳು. ದೊಡ್ಡಪ್ಪ ಬಾಯಿ ತೆರೆದು ಏನೋ ಅಂದರು. ಅದು ಗಂಟಲಿನಲ್ಲೇ ಉರುಳಿತು. ಅವಳು ಸೈಕಲ್ಲಿಗೆ ಕೈ ಹಾಕಿದಳು. ಚಿಕ್ಕಪ್ಪ ಹಿಂದಿನ ಕ್ಯಾರಿಯರ್ ಹಿಡಿದುಕೊಂಡು, "ಹೋಗು ಅಂದ್ನಾ ಅವ್ನು? ನೀರು ಕೇಳ್ದ ಕಣಮ್ಮ" ಎಂದರು. ಮನೆಯಿಂದ ನೀರು ತರಿಸಿ, ಮುದುಕನ ಬಾಯಿಗೆ ಹನಿಹನಿಯಾಗಿ ಬಿಟ್ಟರು. ಅರ್ಧ ಗದ್ದದ ಮೇಲೆ ಹರಿದು ಕಂಬಳಿಗೆ ಇಂಗಿತು. ನಿಜವಾದ ಬಿಸಿಲು ಬಂದ ಮೇಲೆ ಮಂಚವನ್ನು ಒಳಕ್ಕೆ ಒಯ್ದರು. ಅಷ್ಟರಲ್ಲಿ ವ್ಯಾನು ಹೋಗಿ ಅರ್ಧ ಗಂಟೆಯಾಗಿತ್ತು. ಅದು ಮೊದಲನೆಯ ದಿನ.

ಎರಡನೆಯ ದಿನ ಅವಳು ಮಂಚ ಬರುವ ಮೊದಲೇ, ಕತ್ತಲಲ್ಲೇ ಹೊರಟಳು. ಕೆರೆ ಏರಿಯ ಬಳಿ ಆನೆಗಳಿದ್ದವು. ಮರಿ ನಡುವೆ ನಿಂತಿತ್ತಂತೆ, ಅದಕ್ಕಾಗಿ ದೊಡ್ಡವು ಕದಲಲಿಲ್ಲ. ಅವಳು ಸೈಕಲ್ಲನ್ನು ಲಂಟಾನದ ಪೊದೆಗೆ ಮಲಗಿಸಿ, ಅದರ ಪಕ್ಕದಲ್ಲಿ ತಾನೂ ಮಲಗಿ, ಬೆಳಕು ಹರಿಯುವವರೆಗೂ ಉಸಿರು ಬಿಗಿಹಿಡಿದಿದ್ದಳು. ಮನೆಗೆ ಬಂದಾಗ ಮುಖವೆಲ್ಲ ಮುಳ್ಳು ಗೀರಿತ್ತು. ತಾಯಿ ಅವಳಿಗೆ ಅರಿಸಿನ ಹಚ್ಚುತ್ತಾ, "ಆನೆಗಾದ್ರು ಒಂದು ನ್ಯಾಯ ಐತೆ ಕಣಮ್ಮ, ಬೆಳಕಾದ್ರೆ ದಾರಿ ಬುಡ್ತೈತೆ" ಎಂದಳು.

ಮೂರನೆಯ ಬೆಳಗ್ಗೆ ನಾನು ಅಲ್ಲಿದ್ದೆ. ಡೈರಿಗೆ ಹಾಲು ಹಾಕಲು ಬಂದಿದ್ದೆ. ಹಾಲು ಹಾಕಲು ಬಂದ ಇಪ್ಪತ್ತು ಜನ ಕ್ಯಾನು ಹಿಡಿದು ನಿಂತಿದ್ದರು. ಮಂಚ ಬಂದಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಂಬಳಿಯ ಉಣ್ಣೆಯ ಮೇಲೆ ಹನಿಗಳು ಕುಳಿತಿದ್ದವು. ದೊಡ್ಡಪ್ಪ ಕೆಮ್ಮುತ್ತಿದ್ದರು.

ಅತ್ತಿಗೆ ಸೈಕಲ್ಲಿನಿಂದಿಳಿದು, ಮಂಚದ ಕಾಲಬದಿಗೆ ಬಂದು ನಿಂತಳು. ದೊಡ್ಡಪ್ಪ ಕಂಬಳಿಯೊಳಗಿಂದ ಎಡಗೈ ಹೊರಗೆ ತೆಗೆದರು. ಅದು ನಡುಗುತ್ತಾ ಮೇಲೆದ್ದು, ಕೂಡುರಸ್ತೆಯ ದಿಕ್ಕಿಗೆ ತಿರುಗಿತು. ಎಲ್ಲರೂ ನೋಡಿದರು. ನಾನೂ ನೋಡಿದೆ. ಚಿಕ್ಕಪ್ಪ ಬಾಗಿ, ಆ ಕೈಯನ್ನು ಎರಡೂ ಕೈಗಳಿಂದ ಹಿಡಿದು, "ಚಳಿ ಕಣಣ್ಣ" ಎಂದು ಮೃದುವಾಗಿ ಹೇಳಿ, ಕಂಬಳಿಯೊಳಗೆ ಸೇರಿಸಿ, ಅಂಚನ್ನು ಬೆನ್ನಿನ ಕೆಳಗೆ ಬಿಗಿಯಾಗಿ ತುರುಕಿದರು. ಕೂಸಿಗೆ ಹೊದಿಸುವ ತಾಯಿಯೂ ಅಷ್ಟು ಜೋಪಾನವಾಗಿ ಹೊದಿಸಲಾರಳು. ಕಂಬಳಿಯೊಳಗೆ ಕೈ ಸ್ವಲ್ಪ ಹೊತ್ತು ಮಿಸುಕಿತು. ಆಮೇಲೆ ನಿಂತಿತು.

ಅತ್ತಿಗೆ ಮಂಚದ ಪಕ್ಕದಲ್ಲಿ ಮಂಡಿಯೂರಿದಳು. "ದೊಡ್ಡಮಾವ, ಬಾಯಿ ಬ್ಯಾಡ, ಕೈ ಬ್ಯಾಡ. ಹೋಗು ಅನ್ನೋದಾದ್ರೆ ಒಂದ್ ಸಲ ಕಣ್ಣು ಮುಚ್ರಿ ಸಾಕು."

ದೊಡ್ಡಪ್ಪ ಅವಳನ್ನೇ ನೋಡುತ್ತಾ ಕಣ್ಣು ಮುಚ್ಚಿದರು. ನಿಧಾನವಾಗಿ, ಗಟ್ಟಿಯಾಗಿ, ರೆಪ್ಪೆಯ ಸುತ್ತ ಸುಕ್ಕು ಏಳುವಂತೆ ಮುಚ್ಚಿ, ಮತ್ತೆ ತೆರೆದರು.

"ಮುದುಕಂಗೆ ನಿದ್ದೆ" ಎಂದರು ಚಿಕ್ಕಪ್ಪ. ಒಂದಿಬ್ಬರು ನಕ್ಕರು, ಆದರೆ ಎಲ್ಲರೂ ನಗಲಿಲ್ಲ. ಹಾಲಿನವರ ನಡುವಿನಿಂದ ಒಬ್ಬ ಮುದುಕಿ, ಬುಡಪ್ಪ ಹೋಗ್ಲಿ, ಮುಚ್ಚಿದ್ದು ನಾವೆಲ್ಲ ಕಂಡಿಲ್ವಾ ಎಂದಳು. ಇನ್ನೊಬ್ಬರು ಹೂಂಗುಟ್ಟಿದರು. ಚಿಕ್ಕಪ್ಪನ ಕಾಲಡಿಯ ನೆಲ ಸ್ವಲ್ಪ ಜಾರಿತು. ಅದು ಅವರ ಮುಖದಲ್ಲಿ ಕಂಡಿತು. ಅವರು ಸುತ್ತ ನೋಡಿ, ನನ್ನನ್ನು ಕಂಡು, ಜೇಬಿನಿಂದ ಕಾಗದ ತೆಗೆದರು.

"ಬಾ ಮೇಷ್ಟ್ರಮ್ಮ. ನಂಗೆ ಓದು ಬರಾಕಿಲ್ಲ. ನೀನೇ ಬರ್ದಿದ್ದು, ನೀನೇ ಹೇಳು. ಕಣ್ಣು ಮುಚ್ಚಿದ್ರೆ ಅಪ್ಪಣೆ ಅಂತ ಎಲ್ಲಾನ ಐತಾ?"

ಕಾಗದ ಬಿಚ್ಚಿ ನೋಡುವ ಅಗತ್ಯ ನನಗಿರಲಿಲ್ಲ. ನನ್ನ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಸುಮ್ಮನಿರಬಹುದಿತ್ತು. ಇದೆ ಎನ್ನಬಹುದಿತ್ತು, ಓದಲು ಬಾರದವರ ನಡುವೆ ಓದಬಲ್ಲವಳು ನಾನೊಬ್ಬಳೇ. ಆ ಬೆಳಗ್ಗೆ ಇಡೀ ಊರಿನಲ್ಲಿ ಅವಳ ದಾರಿ ಬಿಡಿಸುವ ಶಕ್ತಿ ಇದ್ದದ್ದು ನನಗೆ ಮಾತ್ರ. ಇಪ್ಪತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಬಾಯಿಮಾತಿನಲ್ಲಿ ಎಂದು ಬರೆದಿದೆ" ಎಂದೆ.

ಹೆದರಿ ಹಾಗೆಂದೆ ಎಂದು ಬರೆದರೆ ಓದುವವರು ನಂಬುತ್ತಾರೆ. ಹದಿನಾರರ ಹುಡುಗಿ, ಮನೆಯ ನೀರು ಚಿಕ್ಕಪ್ಪನ ಕೈಯಲ್ಲಿ, ಹೆದರಿಕೆ ಸಹಜ. ಆದರೆ ನಾನು ಹೆದರಿರಲಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ತುಂಬಿದ ತರಗತಿಯಲ್ಲಿ ನನ್ನನ್ನೇ ಕೇಳಿದ್ದರು. ನಾನು ಸರಿಯಾದ ಉತ್ತರ ಕೊಟ್ಟೆ. ಕೊಟ್ಟಾಗ ಆದದ್ದು ಸಂತೋಷವೇ.

ದೂರದಲ್ಲಿ ವ್ಯಾನಿನ ಹಾರ್ನು ಕೇಳಿಸಿತು, ಎರಡು ಸಲ. ಚಾಲಕ ಅವಳಿಗಾಗಿ ಕಾದಿದ್ದನೆಂದು ಆಮೇಲೆ ತಿಳಿಯಿತು. ಅತ್ತಿಗೆ ಎದ್ದು, ಮಂಡಿಯ ಮಣ್ಣನ್ನು ಒರೆಸಿಕೊಳ್ಳದೆ, ಸೈಕಲ್ಲನ್ನು ತಿರುಗಿಸಿ ಮನೆಯ ಕಡೆಗೆ ತಳ್ಳಿಕೊಂಡು ಹೊರಟಳು. ನನ್ನನ್ನು ದಾಟುವಾಗ ನಿಲ್ಲಲಿಲ್ಲ. "ಹಾಲು ಚೆಲ್ತಾ ಐತೆ ನೋಡ್ಕೊ" ಎಂದಳು ಅಷ್ಟೆ. ನನ್ನ ಕ್ಯಾನು ವಾಲಿತ್ತು.

ಕಾರ್ಖಾನೆಯಲ್ಲಿ ಹೆಸರು ತೆಗೆದರು. ಆರು ತಿಂಗಳು ಮುಗಿಯಲು ಮೂರು ವಾರ ಉಳಿದಿತ್ತು.

ದೊಡ್ಡಪ್ಪನ ಕೆಮ್ಮು ಎದೆಗೆ ಇಳಿಯಿತು. ಹತ್ತನೆಯ ದಿನ ತೀರಿಕೊಂಡರು. ಸಾವಿನ ಮನೆಯಲ್ಲಿ ಹೆಂಗಸರು ರಾಗವಾಗಿ ಅಳುವಾಗ ಅವರ ಗುಣಗಳ ಜೊತೆಗೆ ಸೈಕಲ್ಲೂ ಸೇರಿಕೊಂಡಿತು: ಎರಡು ಚಕ್ರದ ಮಾರಿ ಬಂದು ಹಿರಿಯನ್ನ ನುಂಗಿತಲ್ಲ ಎಂದು. ಚಿಕ್ಕಪ್ಪ ಬಂದವರಿಗೆಲ್ಲ ಒಂದೇ ಮಾತು ಹೇಳಿದರು: ಸೊಸೆ ಮರ್ಯಾದೆ ಕೊಡುವುದನ್ನು ನೋಡಬೇಕೆಂದು ಅಣ್ಣನಿಗೆ ಆಸೆ, ಅದಕ್ಕಾಗಿ ಹಟ ಹಿಡಿದು ಹೊರಗೆ ಬರುತ್ತಿದ್ದ, ಅದೇ ಚಳಿ ಅವನನ್ನು ಒಯ್ದಿತು. ಮಾತು ಬಾರದವನು ಹೇಗೆ ಹಟ ಹಿಡಿದ ಎಂದು ಯಾರೂ ಕೇಳಲಿಲ್ಲ. ಮಂಚದ ಹಾಸಿಗೆ, ಕಂಬಳಿಗಳನ್ನು ಕೆರೆಗೊಯ್ದು ಒಗೆಯುವ ಕೆಲಸವನ್ನು ಅತ್ತಿಗೆಗೆ ವಹಿಸಿದರು. ಅವಳು ಒಗೆದಳು. ಚಿಕ್ಕಪ್ಪನ ಇಬ್ಬರು ಸೊಸೆಯರೂ ದಡದಲ್ಲಿ ನಿಂತು ನೋಡಿದರು. ಅವರನ್ನು ನೋಡಲೆಂದೇ ಕಳಿಸಲಾಗಿತ್ತು.

ಉತ್ತರಕ್ರಿಯೆ ಕಳೆದ ಮೇಲೆ ಚಿಕ್ಕಪ್ಪ ನಮ್ಮ ಮನೆಗೆ ಬಂದು ಆ ಕಾಗದವನ್ನು ನನ್ನ ಕೈಗೆ ಕೊಟ್ಟರು. ಹನ್ನೆರಡನೆಯವನು ಹೋದ, ಪಟ್ಟಿ ಸರಿಮಾಡಿ ಕೊಡು ಎಂದರು. ನಾನು ಅಡಿಪಟ್ಟಿ ತರಲು ಒಳಗೆ ಹೋದೆ. ಹೌದು, ಹೋದೆ. ಬಂದಾಗ ಚಿಕ್ಕಪ್ಪ ಹೊರಟುಹೋಗಿದ್ದರು. ಕಾಗದ ಅತ್ತಿಗೆಯ ಕೈಯಲ್ಲಿತ್ತು.

ಅವಳು ಒಲೆಯ ಮುಂದೆ ಕುಳಿತು ಓದುತ್ತಿದ್ದಳು. ಕನ್ನಡದಲ್ಲಿ ಅವಳು ಪಾಟಿಯ ಮೇಲಿನ ಪದಗಳನ್ನಲ್ಲದೆ ಬೇರೇನನ್ನೂ ಅಲ್ಲಿಯವರೆಗೆ ಓದಿರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಪಾದರಕ್ಷೆ, ಮಾರ್ಗ, ಅಪ್ಪಣೆ. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಹನ್ನೊಂದು ಹೆಸರು ಓದಿ ಬೆರಳು ನಿಲ್ಲಿಸಿದಳು.

"ಇದೊಂದು ಬೇರೆ ಶಾಯಿ" ಎಂದಳು.

"ಅದು ಆಮೇಲೆ ಸೇರಿಸಿದ್ದು."

"ಚಿಕ್ಮಾವ ಸೇರ್ಸು ಅಂದ್ರಾ?"

"ಇಲ್ಲ. ಅವರು ಬಿಡು ಎಂದರು. ನಾನೇ ಸೇರಿಸಿದೆ."

ಅವಳು ತಲೆಯಾಡಿಸಿದಳು, ಪಾಠ ಅರ್ಥವಾದವರಂತೆ. ಕಾಗದವನ್ನು ಒಲೆಗೆ ಹಾಕುತ್ತಾಳೆಂದುಕೊಂಡೆ. ಹಾಕಲಿಲ್ಲ. ಮಡಿಕೆ ತಪ್ಪದಂತೆ ನಾಲ್ಕಾಗಿ ಮಡಿಸಿ ನನಗೆ ಹಿಂದಕ್ಕೆ ಕೊಟ್ಟಳು. ಅಂದಿನಿಂದ ಪಾಟಿ ಮುಟ್ಟಲಿಲ್ಲ.

ಮುಂದೆ ನಾನು ಇಪ್ಪತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದೆ. ಸರ್ಕಾರದ ಸೈಕಲ್ಲುಗಳನ್ನು ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಹಂಚಿದ ದಿನ, ಸೈಕಲ್ಲಿನಿಂದ ಹೆಂಗಸರಿಗೆ ಬಂದ ಸ್ವಾತಂತ್ರ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ಮೈಕಿನ ಮುಂದೆ ನಿಲ್ಲಿಸಿದರು. ತಪ್ಪಿಲ್ಲದ ವಾಕ್ಯಗಳಲ್ಲಿ ಮಾತಾಡಿದೆ. ಚಪ್ಪಾಳೆ ಬಿತ್ತು. ಇಲ್ಲಿ ಬರೆದಿರುವ ಯಾವುದನ್ನೂ ಹೇಳಲಿಲ್ಲ. ನಾನು ಆ ಮೈಕಿನವರೆಗೆ ಯಾವ ಸೈಕಲ್ಲಿನಲ್ಲಿ ಬಂದೆನೆಂಬುದನ್ನೂ ಹೇಳಲಿಲ್ಲ.

ದೊಡ್ಡಪ್ಪ ತೀರಿಕೊಂಡ ಆ ವರ್ಷದ ಬೇಸಿಗೆಯ ಕೊನೆಯಲ್ಲಿ, ಮುಂದಿನ ಶಾಲೆಗಳು ತೆರೆಯುವ ಮುನ್ನ, ಚಿಕ್ಕಪ್ಪ ಜಗಲಿಯಲ್ಲಿ ಕುಳಿತು ನನ್ನ ತಾಯಿಗೆ ಹೇಳಿದರು: ಹುಡುಗಿ ಬುದ್ಧಿವಂತೆ, ಓದಿಸಿ, ಟೀಚರಾಗಲಿ. ಕೂಡುರಸ್ತೆಗೆ ಸೈಕಲ್ಲಿನಲ್ಲಿ ಹೋಗಿ ಬಸ್ಸು ಹಿಡಿಯಲಿ. ತಾಯಿ ಬೆರಗಾಗಿ ಪಟ್ಟಿಯ ಮಾತೆತ್ತಿದಳು. ಚಿಕ್ಕಪ್ಪ ಜೋರಾಗಿ ನಕ್ಕರು.

"ಇವ್ಳು ಊರ ಮಗ್ಳು ಕಣಕ್ಕ. ಮನೆ ಮಗ್ಳಿಗೆ ಈ ಊರಾಗೆ ಯಾವ ಮಾವ ಅವ್ನೆ? ಧೈರ್ಯವಾಗಿ ತುಳ್ಕೊಂಡು ಹೋಗ್ಲಿ."

ಅದು ನಿಜವಾಗಿತ್ತು. ಪಟ್ಟಿಯಲ್ಲಿದ್ದವರೆಲ್ಲರೂ ನನಗೆ ಚಿಕ್ಕಪ್ಪಂದಿರು, ದೊಡ್ಡಪ್ಪಂದಿರು. ಅವರ ಎದುರಿಗೆ ಮಗಳು ಇಳಿಯಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆದವಳಿಗೆ ಅದು ಗೊತ್ತಿತ್ತು.

ಹುಲ್ಲಿನ ಮೆದೆಯ ಮರೆಯಲ್ಲಿ ಐದು ತಿಂಗಳು ಒರಗಿದ್ದ ಬೋಳಮೀಸೆಯನ್ನು ಹೊರತೆಗೆದವಳು ಅತ್ತಿಗೆಯೇ. ಯಾರೂ ಹೇಳಿರಲಿಲ್ಲ. ಪಂಕ್ಚರು ಮೆತ್ತಿದಳು, ಸರಪಳಿಗೆ ಎಣ್ಣೆ ಬಿಟ್ಟಳು, ಗಾಳಿ ಹೊಡೆದಳು. ನನ್ನ ಎತ್ತರಕ್ಕೆ ಸೀಟನ್ನು ಎರಡು ಬೆರಳು ಕೆಳಗಿಳಿಸಿದಳು. ಶಾಲೆ ತೆರೆದ ಬೆಳಗ್ಗೆ ಅದನ್ನು ಬಾಗಿಲಿಗೆ ತಂದು ನಿಲ್ಲಿಸಿ, ಹ್ಯಾಂಡಲ್ಲು ಹಿಡಿದು ನಿಂತಳು.

ನಾನು ಹತ್ತಿ ಕುಳಿತು, "ಹೋಗಿ ಬರ್ತೀನಿ ಅತ್ತಿಗೆ" ಎಂದೆ.

ನಮ್ಮಲ್ಲಿ ಆ ಮಾತಿಗೆ ಉತ್ತರ ಬರಲೇಬೇಕು. ಹೊಸ್ತಿಲು ದಾಟುವವರು ಶತ್ರುವಾದರೂ ಹೋಗಿ ಬಾ ಎನ್ನುತ್ತಾರೆ. ಅವಳು ಅನ್ನಲಿಲ್ಲ. ನಾನು ಇಳಿದೆ. ಯಾಕೆಂದು ಯೋಚಿಸದೆ ಚಪ್ಪಲಿಯನ್ನೂ ಬಿಟ್ಟೆ. ಬದಿಗೆ ನಿಂತು ಕಾದೆ. ಅವಳು ಹ್ಯಾಂಡಲ್ಲು ಬಿಟ್ಟು ಬಗ್ಗಿ, ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡಿದಳು, ಮುಂದಿನದನ್ನೂ ನೋಡಿದಳು. ಎದ್ದು ನನ್ನ ಮುಖವನ್ನು ನೋಡಿದಳು. ಬಾಯಿ ತೆರೆಯಲಿಲ್ಲ. ಒಳಗಿನಿಂದ ತಾಯಿ, ಬಸ್ಸು ಹೊರಟುಹೋಗುತ್ತದೆ ಎಂದು ಕೂಗಿದಳು. ಅತ್ತಿಗೆ ಒಳಗೆ ಹೋಗಿ ಬೀಸುವ ಕಲ್ಲಿನ ಮುಂದೆ ಕುಳಿತಳು. ಕಲ್ಲು ತಿರುಗುವ ಸದ್ದು ಬಂತು.

ನಾನು ಚಪ್ಪಲಿ ಮೆಟ್ಟಿ ಹತ್ತಿದೆ.

ಜಗಲಿಯಲ್ಲಿ, ಡೈರಿಯ ಮೆಟ್ಟಿಲಲ್ಲಿ, ಹುಣಸೆಮರದಡಿ, ಹೊಲದ ಬದುಗಳಲ್ಲಿ ಅವರೆಲ್ಲ ಇದ್ದರು, ತಂತಮ್ಮ ಕೆಲಸದ ಮೇಲೆ. ಬೆಲ್ಲಿನ ಸದ್ದಿಗೆ ತಲೆಯೆತ್ತಿ ನೋಡಿ, ನಗುತ್ತಾ ಕೈಯೆತ್ತಿದರು. ಹನ್ನೊಂದು ಜನವೂ ನಾನು ಕೇಳದೆಯೇ "ಹೋಗು ಮಗ, ಹೋಗು" ಎಂದರು. ಒಬ್ಬರ ಎದುರಿಗೂ ನಾನು ಇಳಿಯಲಿಲ್ಲ.